ಅನ್ನದ ಅಗುಳಿನ ಸೀಲು

ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಅವನೆದುರಿಗೇ ಎಣಿಸುತ್ತೇನೆ, ಮನೆಗೆ ಬೀಗ ಹಾಕಿದ ಮೇಲೂ ಜಗ್ಗಿ ನೋಡುತ್ತೇನೆ. ತೊಂಬತ್ತರ ದಶಕದಲ್ಲಿ ಪಾಂಡವಪುರದಲ್ಲಿ ಟೀಚರಾಗಿದ್ದಾಗ ಮಕ್ಕಳ ಕಾಸು ಸಂಗ್ರಹದ ಉಸ್ತುವಾರಿ ನನ್ನ ತಲೆಗೆ ಬಂದದ್ದೂ ಬಹುಶಃ ಇದಕ್ಕೇ.

ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಮಂಚ ಕೊಡಿಸಲು ನಾಲ್ಕು ತಾಲ್ಲೂಕಿನ ಶಾಲಾ ಮಕ್ಕಳು ಕಾಸು ಕೂಡಿಸಬೇಕೆಂದು ಊರಿನ ದೊಡ್ಡವರ ಸಮಿತಿಯೊಂದು ತೀರ್ಮಾನಿಸಿತ್ತು. ತೀರ್ಮಾನಕ್ಕೇನು, ಕುರ್ಚಿಯಲ್ಲಿ ಕೂತೇ ಮಾಡಬಹುದು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಖಾಲಿ ಡಬ್ಬ ಹಂಚಿ, ತುಂಬಿದ್ದನ್ನು ವಾಪಸ್ ತರಿಸುವುದು ನನ್ನ ಪಾಡು. ಕಾಸಿನ ಭಾರ ಹೊತ್ತವರಿಗೇ ಗೊತ್ತು. ಬಸ್ಸಿನ ಕಂಡಕ್ಟರುಗಳು ಮೂಟೆ ನೋಡಿದ ಕೂಡಲೇ ಲಗೇಜ್ ಚೀಟಿ ಹರಿಯುತ್ತಿದ್ದರು. ಬ್ಯಾಂಕಿನವರು ಹತ್ತು ಪೈಸೆ, ನಾಲ್ಕಾಣೆ, ಎಂಟಾಣೆ ಬೇರೆ ಬೇರೆ ಮಾಡಿ ತಂದರೆ ಮಾತ್ರ ಮುಟ್ಟುತ್ತೇವೆ ಎಂದರು.

ಕೊನೆಗೆ ಕೈಹಿಡಿದದ್ದು ಡೇರಿಯ ಹಾಲಿನ ಟೆಂಪೊಗಳು. ಕೆ.ಆರ್.ಪೇಟೆ ದಾರಿಯ ಡ್ರೈವರು, ಹಾಲಿನ ಕ್ಯಾನುಗಳ ಸಂದಿಯಲ್ಲಿ ಡಬ್ಬಗಳನ್ನೂ ತರಲು ಒಪ್ಪಿದ. ಕೆ.ಆರ್.ಪೇಟೆಯಲ್ಲಿದ್ದ ನನ್ನ ಅಮ್ಮನಿಗೆ ಪ್ರತಿ ಶನಿವಾರ ಅಡುಗೆಯ ಕ್ಯಾರಿಯರ್ ತಲುಪಿಸುತ್ತಿದ್ದವನೂ ಅವನೇ. ಅಮ್ಮ ಅದರಲ್ಲಿ ಏನಾದರೂ ತುಂಬಿ ವಾಪಸ್ ಕಳಿಸುತ್ತಿದ್ದಳು. ಅವನು ಜಗಲಿಯ ಮೇಲಿಟ್ಟು ಹೋಗುತ್ತಿದ್ದ, ನಾನು ಆಮೇಲೆ ಯಾವಾಗಲೋ ಎತ್ತಿಟ್ಟುಕೊಳ್ಳುತ್ತಿದ್ದೆ. ನಾನು ಅನುಮಾನಿಸದ ಒಬ್ಬ ಮನುಷ್ಯ ಅಂತಿದ್ದರೆ ಅವನೇ.

ಡಬ್ಬಗಳ ಮುಚ್ಚಳಕ್ಕೆ ಮೈದಾ ಅಂಟಿನಲ್ಲಿ ಕಾಗದ ಮೆತ್ತಿ ಶಾಲೆಯ ಸೀಲು ಹಾಕಿಸಿದ್ದೆವು. ಪಾಲಹಳ್ಳಿಯವು, ಚಿನಕುರಳಿಯವು ನೆಟ್ಟಗೆ ಬಂದವು. ಬೂಕನಕೆರೆಯವು ಹಾಗೆ ಬರಲಿಲ್ಲ. ಒಂದೊಂದು ಡಬ್ಬದ ಕಾಗದವೂ ಹರಿದಿತ್ತು, ಹರಿದದ್ದನ್ನು ಯಾರೋ ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ್ದರು. ಟೆಂಪೊದ ಸೀಟಿನ ಮೇಲೆ ಡ್ರೈವರನ ಬುತ್ತಿ. ಒಳಗೆ ಅರ್ಧ ಉಂಡ ಅನ್ನ.

“ಏನಪ್ಪ ಇದು?” ಎಂದೆ.

“ನಂಗೇನ್ ಗೊತ್ತು ಮೇಡಂ. ಅವ್ರು ಇಂಗೇ ಕೊಟ್ರು, ನಾ ಇಂಗೇ ತಂದಿವ್ನಿ.”

ಸಮಿತಿಯ ಹಿರಿಯರೊಬ್ಬರು ಅಲ್ಲೇ ಇದ್ದರು. “ಮಕ್ಳ ಕಾಸ್ಗೂ ಕೈ ಆಕ್ಬುಟ್ಟೇನ್ಲಾ? ನಾಳೆ ಸಾಯಂಕಾಲ ಡೇರಿ ಸೆಕ್ರೆಟ್ರಿಗೇಳಿ ನಿನ್ ಟೆಂಪೊ ಬುಡಿಸ್ತೀನಿ” ಎಂದರು.

ಅವನ ಮನೆ ನಡೆಯುತ್ತಿದ್ದದ್ದೇ ಆ ಟೆಂಪೊದಿಂದ. ಅವನು ನನ್ನ ಮುಖ ನೋಡಿದ. ನಾನು ಅವನ ಬುತ್ತಿಯನ್ನೇ ನೋಡುತ್ತಾ ನಿಂತೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬೂಕನಕೆರೆಗೆ ಹೋದೆ. ಅವನನ್ನು ಉಳಿಸಲು ಹೋದೆ ಅಂದರೆ ಸುಳ್ಳಾದೀತು. ಅಲ್ಲಿನ ಹೆಡ್ಮಾಸ್ಟರ ಮೇಲೂ ನನಗೆ ಗುಮಾನಿಯಿತ್ತು. ಬೀರುವಿನ ಬೀಗ ಕೆಟ್ಟಿತ್ತು, ಅದಕ್ಕೆ ಡಬ್ಬಗಳನ್ನು ಮಕ್ಕಳ ಮನೆಯಲ್ಲೇ ಇಡಿಸಿದ್ದೆ ಎಂದರು ಅವರು. ಅದನ್ನೂ ನಂಬದೆ ಶಾಲೆಯ ಪಕ್ಕದ ಮನೆಗೇ ನುಗ್ಗಿ, ಸೀಲು ಹರಿದವರು ಯಾರು ಅಂತ ಜೋರಾಗಿ ಕೇಳಿದೆ. ಹಸುವಿಗೆ ಬೂಸಾ ಕಲಸುತ್ತಿದ್ದ ಹೆಂಗಸು ತಲೆಯನ್ನೂ ಎತ್ತಲಿಲ್ಲ.

“ನಾನೇ ಕಣವ್ವ. ತುಂಬಿದ್ ದುಡ್ಡ ಅಂಗೇ ಆಚಿಕ್ ಕಳಿಸ್ಬುಟ್ರೆ ಮನೆ ಲಕ್ಷ್ಮಿ ಒಂಟೋಗಲ್ವಾ? ಒಂದ್ ಕಾಸ್ ತಗ್ದು ದೇವ್ರ ಮುಂದೆ ಇಟ್ಕಂಡು ತಿರ್ಗಾ ಅಂಟಿಸ್ದೆ. ಎಲ್ರೂ ಅಂಗೇ ಮಾಡವ್ರೆ.”

ದೇವರ ಗೂಡಿನಲ್ಲಿ ಕುಂಕುಮ ಹಚ್ಚಿದ ನಾಲ್ಕಾಣೆ ಇತ್ತು. ಪಕ್ಕದ ಮನೆಯಲ್ಲೂ ಇತ್ತು, ಅದರಾಚೆಯ ಮನೆಯಲ್ಲೂ. ನಮ್ಮಪ್ಪ ಹಸು ಮಾರಿದಾಗಲೆಲ್ಲ ಹಗ್ಗವನ್ನು ಮಾತ್ರ ಕೊಂಡವನಿಗೆ ಕೊಡದೆ ಉಳಿಸಿಕೊಳ್ಳುತ್ತಿದ್ದರು. ಅದನ್ನು ನೋಡಿಕೊಂಡೇ ಬೆಳೆದ ನನಗೆ ಇದು ಹೊಳೆಯದೇ ಹೋಯಿತಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಸಂಜೆಯೊಳಗೆ ವಾಪಸ್ ಬಂದು ಆ ಹಿರಿಯರ ಮನೆಗೇ ಹೋಗಿ ಹೇಳಿದೆ. ಅವರು ಗೊಣಗುತ್ತಿರುವಾಗಲೇ ಒಳಗಿಂದ ಅವರ ಹೆಂಡತಿ, “ನಾನಾಗಿದ್ರೂ ಅಂಗೇ ಮಾಡ್ತಿದ್ದೆ” ಎಂದರು. ಟೆಂಪೊ ಉಳಿಯಿತು. ಕೆಲವು ತಿಂಗಳಲ್ಲಿ ಮಂಚಗಳೂ ಬಂದವು.

ನಾನು ಬೂಕನಕೆರೆಗೆ ಹೋಗಿ ಬಂದ ವಾರದ ಶನಿವಾರವೇ ಡ್ರೈವರು ಅಮ್ಮನ ಮನೆಯಿಂದ ಕ್ಯಾರಿಯರ್ ತಂದ. ಎಂದಿನಂತೆ ಜಗಲಿಯ ಮೇಲಿಡದೆ ನನ್ನನ್ನು ಕೂಗಿ ಕರೆದು ಕೈಗೇ ಕೊಟ್ಟ. ಆದರೂ ಹೊರಡಲಿಲ್ಲ.

“ಬಿಚ್ ನೋಡ್ಬುಡಿ ಮೇಡಂ. ಎಲ್ಲಾ ಸರ್ಯಾಗೈತೆ ಅನ್ನಿ, ಓಯ್ತೀನಿ.”

“ಅಯ್ಯೋ, ಇರಲಿ ಬಿಡಪ್ಪ” ಎಂದೆ.

ಅವನು ಅಲ್ಲಾಡಲಿಲ್ಲ. ಬೀದಿಯಲ್ಲಿ ಟೆಂಪೊ ಗುಡುಗುಡು ಅನ್ನುತ್ತಲೇ ಇತ್ತು. ನಾನು ಕ್ಯಾರಿಯರಿನ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ, ಅಮ್ಮ ಕಳಿಸಿದ ಚಕ್ಕುಲಿಗಳನ್ನು ಅವನ ಕಣ್ಣೆದುರಿಗೇ ನೋಡಿದೆ.