ಗ್ಯಾಸ್ ಜ್ಞಾನಪ್ಪನವರ ಮೂಗು

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಗ್ಯಾಸ್ ಜ್ಞಾನಪ್ಪನವರು ಹಿನಕಲ್ಲಿನ ನಂಜುಂಡಸ್ವಾಮಿಯವರ ನಡುಮನೆಯ ಸೋಫಾದಲ್ಲಿ ಕೂತು, ಹೆಣ್ಣು ನೋಡಲು ಬಂದಿದ್ದ ಹುಡುಗನನ್ನು ಮೂಸುತ್ತಿದ್ದರು.

ಮೂಸುವುದು ಎಂದರೆ ಮಾತಿಗೆ ಹೇಳಿದ್ದಲ್ಲ. ತಲೆಯನ್ನು ಓರೆ ಮಾಡಿ, ಕಣ್ಣು ಅರೆಮುಚ್ಚಿ, ಹುಡುಗನ ಕಾಲರಿನಿಂದ ಅರ್ಧ ಗೇಣು ದೂರದಲ್ಲಿ ನಿಧಾನವಾಗಿ ಉಸಿರು ಎಳೆದು ಬಿಡುತ್ತಿದ್ದರು. ಹುಡುಗನ ಹೆಸರು ನಿಶಾಂತ್. ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆದವನ ಹಾಗೆ ಅವನು ಅಲ್ಲಾಡದೆ ಕೂತಿದ್ದ.

ಇದು ಆ ಬೀದಿಯ ರೂಢಿ. ಜ್ಞಾನಪ್ಪನವರು ಚಾಮರಾಜಪುರದ ಒಂದು ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ಕು. ಹರೆಯದಲ್ಲಿ ಹೂಟಗಳ್ಳಿಯ ಶೆಡ್ಡೊಂದರಲ್ಲಿ ಇದೇ ಗ್ಯಾಸಿಗೆ ಆಮ್ಲಜನಕ ಬೆರೆಸಿ ಕಬ್ಬಿಣದ ಹಲಗೆ ಕತ್ತರಿಸುತ್ತಿದ್ದವರು, ಮದುವೆಯಾದ ಮೇಲೆ ಏಜೆನ್ಸಿ ಸೇರಿದರು. ಗೇಟಿನಲ್ಲಿ ನಿಂತೇ "ನಿಮ್ಮ ಸಿಲಿಂಡರ್ ಅಲ್ಲ, ಒಲೆ ನಾಬು ಸೋರ್ತಿದೆ" ಎಂದು ಹೇಳುವಷ್ಟು ಅವರ ಮೂಗು ಚುರುಕಾಗಿತ್ತು. ಅಂಥ ಮೂಗನ್ನು ಬರೀ ಗ್ಯಾಸಿಗೆ ಮೀಸಲಿಡುವುದು ದಂಡವೆಂದು ಜನಕ್ಕೆ ತೋರಿತು. ಮೊದಲು ಹಾಲು ತಂದು ತೋರಿಸಿದರು. ಆಮೇಲೆ ಮೀನು. ಕೊನೆಗೆ ಹೆಣ್ಣು ಹೆತ್ತವರು, ಗಂಡು ಕುಡಿಯುತ್ತಾನೋ ಸೇದುತ್ತಾನೋ ತಿಳಿಯಲು ಅವರನ್ನೇ ಕರೆದು ಗಂಡಿನ ಪಕ್ಕ ಕೂರಿಸತೊಡಗಿದರು. ಜಾತಕ ಸುಳ್ಳಾಡಬಹುದು, ಜ್ಞಾನಪ್ಪಣ್ಣನ ಮೂಗು ಸುಳ್ಳಾಡದು ಎಂದು ಮಾತಾಯಿತು.

ಆದರೆ ಆ ಮೂಗು ಸತ್ತು ಎಂಟು ತಿಂಗಳಾಗಿತ್ತು. ಬೇಸಿಗೆಯಲ್ಲಿ ಬಂದ ಜ್ವರ ಬಿಟ್ಟಾಗ ವಾಸನೆಯೂ ಬಿಟ್ಟುಹೋಗಿತ್ತು. ಮಲ್ಲಿಗೆ, ಒಣಮೀನು, ಸೀಮೆಎಣ್ಣೆ ಎಲ್ಲ ಒಂದೇ. ಇದು ಗೊತ್ತಿದ್ದದ್ದು ಹೆಂಡತಿ ಅಮಲಮೇರಿಗೆ ಮಾತ್ರ. "ಮೂಗು ಹೋದ್ರೆ ಹೋಗ್ಲಿ, ಬಾಯಿ ಇದೆಯಲ್ಲ, ಹೇಳ್ಬುಡಿ" ಎಂದು ಆಕೆ ದಿನಾ ಹೇಳುತ್ತಿದ್ದರು. ಹೇಳಿದರೆ ಕೆಲಸ ಹೋಗುತ್ತದೆ ಎಂಬುದು ಜ್ಞಾನಪ್ಪನವರ ಭಯ. ವಾಸನೆ ಬರದ ಗ್ಯಾಸ್ ಮೆಕ್ಯಾನಿಕ್ಕನ್ನು ಯಾವ ಏಜೆನ್ಸಿ ಇಟ್ಟುಕೊಳ್ಳುತ್ತದೆ? ಆದ್ದರಿಂದ ಮನೆಮನೆಗೆ ಹೋಗಿ ಮೊದಲು ಶಾಸ್ತ್ರಕ್ಕೆ ಮೂಸುತ್ತಿದ್ದರು, ಆಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುತ್ತಿದ್ದರು. ನೊರೆಗೆ ನೆಗಡಿ ಬರುವುದಿಲ್ಲ. ಯಾವ ಸೋರಿಕೆಯೂ ತಪ್ಪಿರಲಿಲ್ಲ. ಆದರೆ ಮದುವೆಗಂಡಿಗೆ ನೊರೆ ಹಚ್ಚಲಾಗುತ್ತದೆಯೇ?

ನಂಜುಂಡಸ್ವಾಮಿಯವರ ಹೆಂಡತಿ ಸರೋಜಮ್ಮ, ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಹೊರಬರುತ್ತಿದ್ದ ಜ್ಞಾನಪ್ಪನವರನ್ನು ದಾರಿಯಲ್ಲೇ ಹಿಡಿದು ತಂದಿದ್ದರು. ಹುಡುಗನ ತುಟಿ, ಬೆರಳಿನ ತುದಿ, ಕಣ್ಣಿನ ಬಿಳಿ ನೋಡಿ ಏನಾದರೂ ಹೇಳಿಬಿಡೋಣವೆಂದು ಜ್ಞಾನಪ್ಪನವರು ಲೆಕ್ಕ ಹಾಕುತ್ತಿದ್ದರು.

ಅಷ್ಟರಲ್ಲಿ ಕೋಣೆಯಲ್ಲಿ ಏನೋ ನಡೆಯುತ್ತಿರುವುದು ಅವರ ಕಣ್ಣಿಗೆ ಬಿತ್ತು.

ಹುಡುಗನ ಸೋದರಮಾವ ಶಿವರಾಮು ಕರ್ಚೀಫು ತೆಗೆದು, ಬೆವರಿಲ್ಲದ ಮೂಗನ್ನು ಒರೆಸಿದರು. ಒರೆಸಿ, ಕರ್ಚೀಫನ್ನು ಅಲ್ಲೇ ಇಟ್ಟುಕೊಂಡರು. ನಿಶಾಂತ್ ತನ್ನ ಪಾದಗಳನ್ನು ಸೋಫಾದಡಿಗೆ ಎಳೆದುಕೊಂಡು, ಕಾಲುಚೀಲದ ಕಡೆ ಅನುಮಾನದಿಂದ ನೋಡಿದ. ಅವನ ತಾಯಿ ಸೆರಗು ಬಾಯಿಗಿಟ್ಟುಕೊಂಡು ಬಚ್ಚಲ ಬಾಗಿಲನ್ನು ದಿಟ್ಟಿಸಿದರು. ಚಾಪೆಯ ಮೇಲಿದ್ದ ಅಜ್ಜಿಯೂ ನಾಲ್ಕು ಜನ ನೆಂಟರೂ ಇಬ್ಬರು ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂದವರಿಗೆ ಆ ಮನೆಯ ಮರ್ಯಾದೆ ದೊಡ್ಡದು. ಮನೆಯವರಿಗೆ ಬಂದವರ ಮರ್ಯಾದೆ ದೊಡ್ಡದು.

ಕೊನೆಗೆ ಶಿವರಾಮು ತಡೆಯಲಾರದೆ, "ಏನಮ್ಮಾ, ಹುಳಿಗೆ ಇಂಗು ಜೋರಾಗೇ ಬಿದ್ದಂಗಿದೆ?" ಎಂದರು.

"ಇಂಗಲ್ಲ ಕಣಣ್ಣ, ಮೂಲಂಗಿ," ಎಂದರು ಸರೋಜಮ್ಮ. ಅವರ ಮನೆಯಲ್ಲಿ ಅಂದು ಮೂಲಂಗಿಯೇ ಇರಲಿಲ್ಲ.

"ಅಂಗೇ ಅನ್ಕೊಂಡೆ. ಮೂಲಂಗಿ ಒಳ್ಳೇದು, ಶೀತಕ್ಕೆ."

ಆಗ ಅಡುಗೆಮನೆಯ ಬಾಗಿಲಲ್ಲಿ ಬೋಂಡದ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ರಕ್ಷಿತಾ ತಗ್ಗಿದ ದನಿಯಲ್ಲಿ, "ಅಮ್ಮಾ, ಗ್ಯಾಸ್ ವಾಸ್ನೆ ಕಣಮ್ಮ" ಎಂದಳು.

"ಸುಮ್ನಿರೇ! ಗ್ಯಾಸ್ ಜ್ಞಾನಪ್ಪಣ್ಣನೇ ಇಲ್ಲಿ ಕೂತವ್ರೆ. ಗ್ಯಾಸಾಗಿದ್ರೆ ಅವ್ರಿಗೆ ಗೊತ್ತಾಗ್ತಿರ್ಲಿಲ್ವಾ?"

ಎಲ್ಲರೂ ಜ್ಞಾನಪ್ಪನವರ ಕಡೆ ನೋಡಿದರು. ಅವರು ಪ್ರಶಾಂತವಾಗಿ ಕೂತಿದ್ದರು. ಆದ್ದರಿಂದ ಎಲ್ಲರಿಗೂ ಸಮಾಧಾನವಾಯಿತು.

ಮನೆಯೊಡೆಯ ನಂಜುಂಡಸ್ವಾಮಿಯವರು ಎದ್ದು, "ಏನೇ ಇರ್ಲಿ, ಒಂದೆರಡು ಊದುಬತ್ತಿ ಹಚ್ತೀನಿ. ಮೈಸೂರಲ್ಲಿ ಇದ್ಕೊಂಡು ಕೆಟ್ಟ ವಾಸ್ನೆ ಕುಡೀಬೇಕಾ?" ಎಂದು ಗೂಡಿನಿಂದ ಬೆಂಕಿಪೊಟ್ಟಣ ತೆಗೆದರು.

ಇಲ್ಲಿ ಈ ಗ್ಯಾಸಿನ ಸ್ವಭಾವವನ್ನು ಹೇಳಬೇಕು. ಸಿಲಿಂಡರಿನಲ್ಲಿ ಒತ್ತಡಕ್ಕೆ ನೀರಾಗಿ ಕೂತಿರುವ ಇದು ಹೊರಬಂದರೆ ಸುಮಾರು ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಭಾರ, ಆದ್ದರಿಂದ ಮೇಲೇರದೆ ನೆಲದ ಮೇಲೆ ಹರಿದು ಮೂಲೆಯಲ್ಲಿ ಬೆಕ್ಕಿನ ಹಾಗೆ ಮಲಗುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ಸುವಾಸನೆಯ ಸ್ಪ್ರೇ ಡಬ್ಬಿ ತುಂಬುವವರು ವಾಸನೆ ತೆಗೆದ ಇದೇ ಜಾತಿಯ ಗ್ಯಾಸನ್ನು ಬಳಸುತ್ತಾರೆ. ಅಡುಗೆಮನೆಗೆ ಬರುವುದಕ್ಕೆ ಮಾತ್ರ ಬೇಕೆಂದೇ ಕೊಳೆತ ಕೋಸಿನಂಥ ನಾತವನ್ನು ಬೆರೆಸುತ್ತಾರೆ. ಅಪಾಯದ ಮಟ್ಟಕ್ಕೆ ಬಹಳ ಮುಂಚೆಯೇ ಸಾಮಾನ್ಯ ಮೂಗಿಗೆ ಅದು ಗೊತ್ತಾಗಬೇಕು. ಸಾಮಾನ್ಯ ಮೂಗಿಗೆ, ವಿಶೇಷ ಮೂಗಿಗಲ್ಲ. ಹಿನಕಲ್ ಮರೆತದ್ದು ಇಷ್ಟನ್ನೇ.

ಜ್ಞಾನಪ್ಪನವರ ತಲೆಯಲ್ಲಿ ಒಂದೊಂದೇ ಸಂಗತಿ ಕೂಡಿಕೊಂಡಿತು. ಪಕ್ಕದ ಮನೆಯವರು ಇಣುಕುತ್ತಾರೆಂದು ಕಿಟಕಿಗಳೆಲ್ಲ ಮುಚ್ಚಿವೆ. ಚಳಿಗೆ ಫ್ಯಾನಿಲ್ಲ. ದೇವರ ಮನೆಯ ದೀಪ ಆರಿದೆ. ಬೋಂಡ ಮುಗಿಯುವ ಹೊತ್ತಿಗೆ ಸಿಲಿಂಡರ್ ಖಾಲಿಯಾಗಿ, ತಾವೇ ಹೊಸದು ಜೋಡಿಸಿದ್ದಾಗಿ ಇವರು ಒಳಗೆ ಬಂದೊಡನೆ ನಂಜುಂಡಸ್ವಾಮಿ ಹೆಮ್ಮೆಯಿಂದ ಹೇಳಿದ್ದರು. ಕಾಫಿಗೆ ಒಲೆ ಇನ್ನೂ ಹಚ್ಚಿಲ್ಲ, ಹಾಗಾಗಿ ಗ್ಯಾಸಿಗೆ ಇದುವರೆಗೆ ಕಿಡಿ ಸಿಕ್ಕಿಲ್ಲ.

ಬಾಯಿ ಬಿಟ್ಟರೆ ಕೆಲಸ ಹೋಯಿತು. ಬಿಡದಿದ್ದರೆ ಮನೆ ಹೋಯಿತು.

ಅವರು ಎರಡೇ ಹೆಜ್ಜೆಗೆ ಹಾರಿ, ಕಡ್ಡಿ ಹಿಡಿದಿದ್ದ ನಂಜುಂಡಸ್ವಾಮಿಯವರ ಕೈಯನ್ನು ಪೊಟ್ಟಣ ಸಮೇತ ಅದುಮಿ ಹಿಡಿದರು.

"ನಂಗೆ ಮೂಗಿಲ್ಲ!" ಎಂದು ಕೂಗಿದರು. "ಎಂಟು ತಿಂಗಳಿಂದ ಒಂದು ವಾಸ್ನೇನೂ ಬರಲ್ಲ! ನನ್ನ ಮುಖ ನೋಡ್ಬೇಡಿ. ನಿಮಗೇನು ವಾಸ್ನೆ ಬರ್ತಿದೆ, ಅದನ್ನ ಹೇಳಿ!"

ಮೂಗಿನ ಮೇಲಿದ್ದ ಕರ್ಚೀಫು ಕೆಳಗಿಳಿಯಿತು. ಆಮೇಲೆ, "ಗ್ಯಾಸ್ ಕಣ್ರೀ!" ಎಂದರು ಶಿವರಾಮು. "ನಾನು ಬಂದಾಗ್ಲಿಂದ ಅನ್ಕೊತಾವ್ನಿ!"

"ಗ್ಯಾಸೇ," ಎಂದರು ಹುಡುಗನ ತಾಯಿ.

"ನನ್ ಕಾಲುಚೀಲ ಅಲ್ವಾ?" ಎಂದ ನಿಶಾಂತ್. ಅವನ ದನಿಯಲ್ಲಿ ಸಂತೋಷವಿತ್ತು.

"ಮೂಲಂಗಿ ಅಂತ ಸುಳ್ಳು ಹೇಳ್ಬುಟ್ಟೆ ಕಣಣ್ಣ," ಎಂದು ಸರೋಜಮ್ಮ ಅಳುವಂತಾದರು.

"ಆಮೇಲೆ ಅಳಿ ತಾಯಿ. ಯಾರೂ ಸ್ವಿಚ್ ಮುಟ್ಬೇಡಿ. ಹಾಕೋದೂ ಬೇಡ, ಆರಿಸೋದೂ ಬೇಡ. ಫೋನ್ ಜೇಬಲ್ಲೇ ಇರ್ಲಿ. ಕಿಟಕಿ ಬಾಗಿಲು ತೆಗೀರಿ. ಅಜ್ಜಿನೂ ಮಕ್ಕಳನ್ನೂ ಬೀದಿಗೆ ಕಳ್ಸಿ."

ಹೇಳುತ್ತಲೇ ಜ್ಞಾನಪ್ಪನವರು ಅಡುಗೆಮನೆಗೆ ನುಗ್ಗಿ ರೆಗ್ಯುಲೇಟರ್ ಆರಿಸಿ ತೆಗೆದರು, ಸಿಲಿಂಡರಿನ ಬಾಯಿಗೆ ಮುಚ್ಚಳ ಒತ್ತಿದರು, ಅದನ್ನು ನೆಟ್ಟಗೆ ಎತ್ತಿಕೊಂಡು ಹಿತ್ತಲಿಗೆ ಇಳಿಸಿದರು. ತಿರುಗಿ ಬಂದು, "ಇನ್ನು ನೆಲ ಗುಡಿಸಿ. ಇದು ತಾನಾಗಿ ಎದ್ದು ಹೋಗೋ ಜಾತಿಯಲ್ಲ," ಎಂದರು.

ಒಬ್ಬರಿಗೆ ಮೊರ ಸಿಕ್ಕಿತು, ಒಬ್ಬರಿಗೆ ಪೇಪರು. ರೇಷ್ಮೆ ಪಂಚೆ ಎತ್ತಿ ಕಟ್ಟಿದ ಶಿವರಾಮು ತಾಂಬೂಲದ ತಟ್ಟೆ ಹಿಡಿದು ನೆಲಕ್ಕೆ ಬಗ್ಗಿ ಬೀಸಿದರು. "ಕಾಣ್ದೇ ಇರೋದನ್ನ ಎಲ್ಲಿಗಂತ ಗುಡಿಸ್ಲಿ ಮಾರಾಯ್ರೇ?"

"ಹೊಸಿಲು ದಾಟಿಸಿ ಸಾರ್. ಆಮೇಲೆ ಗಾಳಿ ನೋಡ್ಕೊಳುತ್ತೆ."

ನಿಶಾಂತನಿಗೆ ರಟ್ಟಿನ ಪೆಟ್ಟಿಗೆಯ ಮುಚ್ಚಳ ಸಿಕ್ಕಿತ್ತು. ಅವನು ಮಂಡಿಯೂರಿ, ಸೋಫಾದಡಿ, ಬೀರುವಿನ ಸಂದು ಒಂದನ್ನೂ ಬಿಡದೆ, ಏನೂ ಇಲ್ಲದ ನೆಲವನ್ನು ಬಾಗಿಲತನಕ ಬೀಸಿಕೊಂಡು ಹೋದ. ಎದುರುಮನೆಯ ಸೋಮಮ್ಮ ಕಾಂಪೌಂಡಿನ ಮೇಲಿಂದ ನೋಡಿ, "ಇದೇನ್ ಸರೋಜಾ, ಇನ್ನೂ ಒಪ್ಪಿಗೇನೇ ಆಗಿಲ್ಲ, ಆಗ್ಲೇ ಅಳಿಯನ ಕೈಲಿ ಕಸ ಹೊಡಿಸ್ತಿದೀಯಾ!" ಎಂದು ಕೂಗಿದರು.

ಹಿತ್ತಲಲ್ಲಿ ಜ್ಞಾನಪ್ಪನವರು ಮುಚ್ಚಳ ತೆಗೆದು ನೋಡಿದರೆ, ಸಿಲಿಂಡರಿನ ಬಾಯೊಳಗೆ ಇರಬೇಕಾದ ಸಣ್ಣ ಕಪ್ಪು ರಬ್ಬರ್ ಉಂಗುರ ಅರ್ಧಕ್ಕೆ ಸೀಳಿತ್ತು. ಜೋಡಿಸಿದ ಮೇಲೆ ನಂಜುಂಡಸ್ವಾಮಿ ಒಂದು ಚಮಚ ಸೋಪಿನ ನೀರು ಹಚ್ಚಿದ್ದರೆ ಅಲ್ಲೇ ತಿಳಿಯುತ್ತಿತ್ತು.

ಗಂಡನ್ನು ಮೂಸಿದ ಫಲಿತಾಂಶ ಆಮೇಲೆ ಯಾರಿಗೂ ಬೇಕಾಗಲಿಲ್ಲ. "ಇಲ್ದೇ ಇರೋ ಕಸಾನೇ ಅಷ್ಟು ಚೆನ್ನಾಗಿ ಗುಡಿಸ್ದೋರು, ಇರೋದನ್ನ ಬಿಟ್ಟಾರಾ?" ಎಂದು ರಕ್ಷಿತಾ ಒಪ್ಪಿದಳು.

ಸೋಮವಾರ ಏಜೆನ್ಸಿ ಮಾಲೀಕ ರುದ್ರಸ್ವಾಮಿ ಜ್ಞಾನಪ್ಪನವರನ್ನು ಒಳಗೆ ಕರೆದರು. ಸುದ್ದಿ ಹಿನಕಲ್ಲಿನಿಂದ ಚಾಮರಾಜಪುರಕ್ಕೆ ಗ್ಯಾಸಿಗಿಂತ ಬೇಗ ಹರಿದಿತ್ತು. ಬಾಗಿಲ ಹೊರಗೆ ಅಮಲಮೇರಿ ಊಟದ ಡಬ್ಬಿ ಹಿಡಿದು ನಿಂತಿದ್ದರು. ಕೆಲಸ ಹೋದರೂ ಮಧ್ಯಾಹ್ನವಾಗುವುದು ತಪ್ಪುವುದಿಲ್ಲ ಎಂಬುದು ಅವರ ವಾದ.

"ಎಂಟು ತಿಂಗಳು ನನಗೊಂದು ಮಾತು ಹೇಳ್ಲಿಲ್ವಲ್ರೀ!"

"ತಪ್ಪಾಯ್ತು ಸಾರ್. ಭಯ."

"ಒಬ್ರನ್ನೇ ದೂರು ನೋಡೋಕೆ ಇನ್ನು ಕಳ್ಸಲ್ಲ. ಜೊತೆಗೆ ವಾಸ್ನೆ ಬರೋ ಒಬ್ರು ಇರ್ಬೇಕು. ನೀವು ಮನೇಲಿರೋರಿಗೆ ನೊರೆ ಹಚ್ಚೋದು ಕಲಿಸಿ. ಸಂಬಳ ಅಷ್ಟೇ." ರುದ್ರಸ್ವಾಮಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆದ್ರೂ ಕೇಳ್ತೀನಿ. ಆ ರೂಮಲ್ಲಿ ಮೂಗೇ ಇಲ್ದೆ ಗ್ಯಾಸ್ ಅಂತ ಎಂಗ್ರೀ ಕಂಡುಹಿಡಿದ್ರಿ?"

"ಮೂಗಿದ್ವು ಸಾರ್. ನಂದೊಂದು ಇರ್ಲಿಲ್ಲ, ಅಷ್ಟೇ."

"ಎಷ್ಟಿದ್ವು?"

ಜ್ಞಾನಪ್ಪನವರು ಮನಸ್ಸಿನಲ್ಲೇ ಸೋಫಾದಿಂದ ಅಡುಗೆಮನೆ ಬಾಗಿಲತನಕ ಒಮ್ಮೆ ಎಣಿಸಿದರು. ಅಜ್ಜಿಯನ್ನೂ ಸೇರಿಸಿಕೊಂಡು, ಹೊರಗೆ ಅಮಲಮೇರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಹದಿಮೂರು."