ಡಾರ್ಕ್‌ರೂಮಿನ ಹೆಬ್ಬೆರಳು

ನಮ್ಮ ಚಿಕ್ಕಪ್ಪ ಓದು ಬರಹ ಬಲ್ಲ ಹೆಬ್ಬೆಟ್ಟು. ಊರಿನವರು ಅವರನ್ನು ಗುರುತು ಹಿಡಿಯುತ್ತಿದ್ದದ್ದು ಮುಖದಿಂದಲ್ಲ, ಬಲಗೈಯ ಹೆಬ್ಬೆರಳಿನಿಂದ. ಮುಖವೇನೋ ಮುಕ್ಕಾಲು ಹೊತ್ತು ಕ್ಯಾಮೆರಾದ ಕರಿಬಟ್ಟೆಯೊಳಗೆ ಇರುತ್ತಿತ್ತು. ಹೆಬ್ಬೆರಳು ಮಾತ್ರ ಎಲ್ಲರಿಗೂ ಕಾಣುತ್ತಿತ್ತು; ಅದರ ಉಗುರು ದಪ್ಪಗೆ, ಒರಟಾಗಿ, ಹಳೆಯ ಬಾಗಿಲ ಚಿಲಕದಂಥ ಕಡುಕಂದು ಬಣ್ಣಕ್ಕೆ ತಿರುಗಿತ್ತು.

ಬಸ್ ನಿಲ್ದಾಣದ ಎದುರಿಗೆ ಅವರ ಫೋಟೋ ಸ್ಟುಡಿಯೋ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಆ ಹೆಬ್ಬೆರಳನ್ನು ಗದ್ದದ ಕೆಳಗಿಟ್ಟು, “ಸ್ವಲ್ಪ ಎತ್ತು… ಹಾಂ, ಸಾಕು. ಉಸಿರು ಬಿಡಬೇಡ” ಎನ್ನುತ್ತಿದ್ದರು. ಶಾಲೆ ಸೇರುವ ಮಗು, ಕೆಲಸಕ್ಕೆ ಅರ್ಜಿ ಹಾಕುವ ತರುಣ, ಪಿಂಚಣಿಗೆ ಅರ್ಜಿ ಹಾಕುವ ಅದೇ ತರುಣ, ಹೀಗೆ ಊರಿನ ಗದ್ದಗಳೆಲ್ಲ ಒಮ್ಮೆಯಾದರೂ ಆ ಬೆರಳಿನ ಮೇಲೆ ಕೂತೆದ್ದವೇ. ನನ್ನ ಕಾನ್ವೆಂಟಿನ ಸಿಸ್ಟರು ಪ್ರತಿ ಸೋಮವಾರ ಎಲ್ಲರ ಉಗುರು ತಪಾಸಣೆ ಮಾಡುತ್ತಿದ್ದವರು, ತಮ್ಮ ಫೋಟೋ ತೆಗೆಸಿಕೊಳ್ಳುವಾಗ ಮಾತ್ರ ಆ ಉಗುರಿನ ಬಗ್ಗೆ ತುಟಿ ಎರಡು ಮಾಡಲಿಲ್ಲ. ಉಸಿರು ಬಿಡುವಂತಿರಲಿಲ್ಲವಲ್ಲ.

ಸ್ಟುಡಿಯೋ ಹಿಂದೆ ಡಾರ್ಕ್‌ರೂಮು. ಕೆಂಪು ಬಲ್ಬಿನ ಕೆಳಗೆ ಮೂರು ತಟ್ಟೆಗಳು. ಬೇರೆ ಫೋಟೋಗ್ರಾಫರುಗಳು ಇಕ್ಕಳದಿಂದ ಕಾಗದ ಹಿಡಿದರೆ ಚಿಕ್ಕಪ್ಪ ನೇರ ಕೈಯನ್ನೇ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಅದ್ದುತ್ತಿದ್ದರು. “ಮಗೂನ ಇಕ್ಕಳ ಹಾಕಿ ಎತ್ಕೋತಾರೇನೋ?” ಎನ್ನುವರು. ತಟ್ಟೆಯನ್ನು ಮೆಲ್ಲಗೆ ತೂಗಿದ ಹಾಗೆ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಆಮೇಲೆ ಹುಬ್ಬು, ಎಲ್ಲಕ್ಕಿಂತ ಕೊನೆಗೆ ಕೆನ್ನೆ ಮೂಡುವುದನ್ನು ನೋಡುತ್ತ ನಿಂತರೆ ಹೊರಗೆ ಸಂಜೆಯಾದದ್ದೇ ತಿಳಿಯುತ್ತಿರಲಿಲ್ಲ. ಆ ಘಾಟು ವಾಸನೆ ಈಗಲೂ ಎಲ್ಲಿಯಾದರೂ ಮೂಗಿಗೆ ಬಡಿದರೆ ನನ್ನ ಗದ್ದ ತಾನಾಗಿ ಮೇಲೇಳುತ್ತದೆ.

ಚಿಕ್ಕಮ್ಮ ಇದ್ದದ್ದು ಡಾರ್ಕ್‌ರೂಮಿನ ಪರದೆಯಿಂದ ಆಚೆ. ಹೊರಗೆ ಬಂದ ಕೊನೆಯ ತಟ್ಟೆಯಿಂದ ಫೋಟೋಗಳನ್ನು ಎತ್ತಿ, ನಲ್ಲಿಯ ಕೆಳಗೆ ತೊಳೆದು, ಒಣಗಿಸಿ, ಕಿಟಕಿಯ ಬಳಿಯ ಗಾಜಿನ ಮೇಜಿನ ಮೇಲಿಟ್ಟುಕೊಂಡು ಎರಡೆಳೆ ಕೂದಲಿನ ಬ್ರಶ್ಶಿನಿಂದ ಟಚಿಂಗ್ ಮಾಡುವುದು ಅವರ ಕೆಲಸ. ಊರಿನ ಮೊಡವೆಗಳನ್ನೆಲ್ಲ ವಾಸಿ ಮಾಡಿದ್ದು ಚಿಕ್ಕಮ್ಮನೇ. ಬೋರ್ಡಿನ ಮೇಲೆ ಮಾತ್ರ ಚಿಕ್ಕಪ್ಪನ ಹೆಸರೊಂದೇ ಇತ್ತು.

ಚಿಕ್ಕಪ್ಪನಿಗೆ ಲೋಕದಲ್ಲಿದ್ದ ಏಕೈಕ ಶತ್ರು ಬೂಷ್ಟು. ಲೆನ್ಸಿನೊಳಗೆ ತೇವ ಸೇರಿದರೆ ಜೇಡರ ಬಲೆಯಂಥ ಬೂಷ್ಟು ಹಬ್ಬಿ ಗಾಜನ್ನೇ ತಿಂದುಹಾಕುತ್ತದೆ. ಹಾಗಾಗಿ ಲೆನ್ಸುಗಳ ಬೀರುವಿನೊಳಗೆ ಬೆಚ್ಚಗಿರಲೆಂದು ಸಣ್ಣ ಬಲ್ಬೊಂದು ಆರದೆ ಉರಿಯುತ್ತಿತ್ತು. ನಾವು ಮಕ್ಕಳು ಓದಲು ಲೈಟು ಹಾಕಿದರೆ “ಕರೆಂಟೇನು ಪುಕ್ಕಟೆ ಬರುತ್ತಾ?” ಎಂದು ಗದರುವವರು ಈ ಬಲ್ಬಿಗೆ ಮಾತ್ರ ಚಕಾರ ಎತ್ತುತ್ತಿರಲಿಲ್ಲ.

ಎಲ್ಲರ ಜೇಬಿಗೂ ಫೋನು ಬಂತು, ಫೋನಿಗೆಲ್ಲ ಕಣ್ಣು ಬಂತು. ಸ್ಟುಡಿಯೋ ಮುಚ್ಚಿತು. ಬೀರು, ಬಲ್ಬು, ಗಾಜಿನ ಮೇಜು ಮನೆಗೆ ಬಂದವು. ಚಿಕ್ಕಪ್ಪ ಆಮೇಲೆ ಕ್ಯಾಮೆರಾ ಮುಟ್ಟಲಿಲ್ಲ. ಯಾರಾದರೂ “ಈಗೇನು ಮಾಡ್ತಿದ್ದೀರಿ?” ಎಂದರೆ ಹೆಬ್ಬೆರಳು ಎತ್ತಿ ತೋರಿಸುವರು. “ನೋಡಿ, ಡೆವಲಪರ್. ಒಳಗೇ ಇಳಿದುಬಿಟ್ಟಿದೆ. ಇನ್ನಿದು ಹೋಗೋದು ನನ್ನ ಜೊತೆಗೇ.”

ಎರಡು ವರ್ಷ ಕಳೆದರೂ ಅದು ಹೋಗಲಿಲ್ಲ. ಬದಲಿಗೆ ಇನ್ನಷ್ಟು ದಪ್ಪವಾಗಿ ಟವೆಲ್ಲಿಗೆ ಸಿಕ್ಕಿಕೊಳ್ಳತೊಡಗಿತು. ಅಂಗಿಯ ಗುಂಡಿ ಹಾಕುವಾಗ ನೋವು. ಒಂದು ಬೆಳಿಗ್ಗೆ ಚಿಕ್ಕಮ್ಮ ಅವರ ಎರಡೂ ಕೈ ಹಿಡಿದು ನೋಡಿದರು.

“ರೀ, ಕೆಮಿಕಲ್ಲು ಬಿಟ್ಟು ಇಷ್ಟು ದಿನ ಆಯ್ತು. ಉಳಿದ ಒಂಬತ್ತು ಬೆರಳಿಗೂ ಬುದ್ಧಿ ಬಂತು. ಇದೊಂದಕ್ಕೆ ಯಾಕೆ ಬಂದಿಲ್ಲ?”

“ಅದು ಹಿರಿಯದು ಕಣೇ. ಸ್ವಲ್ಪ ಹಠ.”

ಚಿಕ್ಕಮ್ಮ ನನಗೆ ಫೋನು ಮಾಡಿ ಕಾರು ತರಿಸಿದರು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉಗುರಿನ ಚೂರೊಂದನ್ನು ಕತ್ತರಿಸಿ ಲ್ಯಾಬಿಗೆ ಕಳಿಸಿ, ರಿಪೋರ್ಟು ಬಂದ ಮೇಲೆ ಮತ್ತೆ ಕರೆದರು. “ಪಾಸಿಟಿವ್ ಇದೆ ಸರ್” ಎಂದರು. ಜೀವಮಾನವಿಡೀ ನೆಗೆಟಿವ್‌ನಿಂದ ಪಾಸಿಟಿವ್ ತೆಗೆದವರಿಗೆ ಈ ಪಾಸಿಟಿವ್ ಮಾತ್ರ ಅರ್ಥವಾಗಲಿಲ್ಲ.

“ಅಂದ್ರೆ ಡೆವಲಪರ್ ಸಿಕ್ತಾ ಒಳಗೆ?”

“ಇಲ್ಲ ಸರ್, ಫಂಗಸ್. ಬೂಷ್ಟು ಅಂತೀವಲ್ಲ, ಅದರ ಜಾತಿಯದೇ. ಈ ಬೆರಳಿಗೆ ಯಾವಾಗಾದ್ರೂ ಪೆಟ್ಟು ಬಿದ್ದಿತ್ತಾ?”

“ಅಂಗಡಿ ಶಟರಿಗೆ ಸಿಕ್ಕಿತ್ತು, ಡಾಕ್ಟ್ರೇ” ಎಂದರು ಚಿಕ್ಕಮ್ಮ. “ಎಷ್ಟೋ ವರ್ಷ ಆಯ್ತು. ಎರಡು ದಿನ ಕಟ್ಟು ಹಾಕ್ಕೊಂಡು, ಮೂರನೇ ದಿನ ಮತ್ತೆ ತಟ್ಟೇಲಿ ಅದ್ದಿದ್ರು.”

ಕ್ಯಾಮೆರಾದ ಶಟರು ಅನ್ನ ಕೊಟ್ಟಿತ್ತು. ಅಂಗಡಿಯ ಶಟರು ಬೂಷ್ಟು ಕೊಟ್ಟಿತ್ತು.

“ಪೆಟ್ಟು ಬಿದ್ದ ಉಗುರು, ಯಾವಾಗ್ಲೂ ಒದ್ದೆ. ಅದಕ್ಕೆ ಇನ್ನೇನು ಬೇಕು?” ಎಂದ ಡಾಕ್ಟರು ನಕ್ಕರು. “ನನ್ನ ಶಾಲೆಯ ಫೋಟೋ ತೆಗೆದವರು ನೀವೇ ಅಲ್ವಾ ಸರ್?”

ಚಿಕ್ಕಪ್ಪ ಗಾಬರಿಯಿಂದ ಮೊದಲು ನೋಡಿದ್ದು ಅವರ ಗದ್ದವನ್ನು. ಗದ್ದ ನುಣ್ಣಗಿತ್ತು. “ಮುಟ್ಟಿದ ಮಾತ್ರಕ್ಕೆ ಹಾಗೆಲ್ಲ ಅಂಟಲ್ಲ ಸರ್” ಎಂದು ಡಾಕ್ಟರು ಸಮಾಧಾನ ಹೇಳಬೇಕಾಯಿತು.

ಮುಲಾಮು ಉಗುರನ್ನು ದಾಟಿ ಒಳಗೆ ಇಳಿಯುವುದಿಲ್ಲ, ಮಾತ್ರೆಯೇ ಆಗಬೇಕು ಎಂದರು. ಲಿವರು ಅದನ್ನು ತಾಳುತ್ತದೆಯೇ ಎಂದು ಮೊದಲು ರಕ್ತ ಪರೀಕ್ಷೆ. ಆಮೇಲೆ ಆರು ವಾರ ದಿನಕ್ಕೊಂದು ಮಾತ್ರೆ. ಜೊತೆಗೆ ವಾರಕ್ಕೊಮ್ಮೆ ಉಗುರನ್ನು ಅರದಿಂದ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಬಣ್ಣವಿಲ್ಲದ ಲೇಪವೊಂದನ್ನು ಹಚ್ಚಬೇಕು. “ಕೆಟ್ಟ ಉಗುರು ಒಳ್ಳೇದಾಗಲ್ಲ ಸರ್. ಬುಡದಿಂದ ಹೊಸದು ಬಂದು ಅದನ್ನ ಆಚೆ ತಳ್ಳಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಮಧ್ಯದಲ್ಲಿ ಕೈ ಬಿಡಬೇಡಿ.”

ಮನೆಗೆ ಬಂದವರೇ ಚಿಕ್ಕಪ್ಪ ಬೀರು ತೆರೆದು ಲೆನ್ಸುಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಂದರಲ್ಲೂ ಒಂದೆಳೆ ಬೂಷ್ಟಿಲ್ಲ. “ಅಲ್ಲೋ, ಇವಕ್ಕೆ ಕಾವಲು ಕೂತು ಕೂತು, ಕಳ್ಳನನ್ನ ಕೈಯಲ್ಲೇ ಸಾಕಿದೆನಲ್ಲೋ! ಅದನ್ನೇ ಊರಿಗೆಲ್ಲ ಮೆಡಲ್ಲಿನ ಹಾಗೆ ತೋರಿಸಿದೆನಲ್ಲ!” ಎಂದವರು ಬೀರುವಿನ ಬಲ್ಬು ಆರಿಸಿಬಿಟ್ಟರು.

ಮಾತ್ರೆಗಳನ್ನು ಹಳೆಯ ಫಿಲ್ಮ್ ಡಬ್ಬಿಯಲ್ಲಿ ಹಾಕಿಟ್ಟುಕೊಂಡು, ಗಂಟುಮುಖ ಹಾಕಿಕೊಂಡೇ ನುಂಗಿದರು. ಭಾನುವಾರ ಬೆಳಿಗ್ಗೆ ಲೇಪದ ಸರದಿ. ಚಿಕ್ಕಮ್ಮ ಅದೇ ಗಾಜಿನ ಮೇಜು, ಅದೇ ದಪ್ಪ ಕನ್ನಡಕ ಇಟ್ಟುಕೊಂಡು, ಹಿಂದೆ ಮೊಡವೆ ಅಳಿಸುತ್ತಿದ್ದಷ್ಟೇ ನಾಜೂಕಾಗಿ ಹಚ್ಚುವರು. ಪಕ್ಕದ ಮನೆಯ ಮೇಷ್ಟ್ರು ಇಣುಕಿ, “ಏನ್ ಸ್ವಾಮಿ, ಉಗುರಿಗೆ ಪಾಲಿಶ್ಶು! ಯಾವ ಕಡೆ ಸವಾರಿ?” ಎಂದರೆ, “ನಿಮ್ಮ ನಾಲಿಗೆಗೂ ಸ್ವಲ್ಪ ಹಚ್ಚಲಾ ಮೇಷ್ಟ್ರೇ?” ಎಂದು ಚಿಕ್ಕಮ್ಮನೇ ಉತ್ತರ ಕೊಡುವರು.

ಮಾತ್ರೆ ಮುಗಿಯಿತು. ಉಗುರಿನ ಬುಡದಲ್ಲಿ ತಿಳಿಗುಲಾಬಿ ಬಣ್ಣದ ಗೆರೆಯೊಂದು ಮೂಡಿ, ದಿನದಿನಕ್ಕೂ ಅಗಲವಾಗುತ್ತ ಕಂದನ್ನು ತುದಿಗೆ ತಳ್ಳತೊಡಗಿತು. ಎಲ್ಲರಿಗೂ ಖುಷಿ. ಚಿಕ್ಕಪ್ಪ ಮಾತ್ರ ಭಾನುವಾರ ಬಂದರೆ ಮೆಲ್ಲಗೆ ಕಾಲು ಕೀಳತೊಡಗಿದರು. ನಾನು ಹೋಗಿದ್ದ ದಿನ ಚಿಕ್ಕಮ್ಮ ಅವರನ್ನು ಬಾಗಿಲಲ್ಲೇ ಹಿಡಿದರು.

“ಕೈ ಕೊಡಿ ಇಲ್ಲಿ.”

“ಸಾಕು ಬಿಡೇ. ಮಾತ್ರೆ ಮುಗೀತಲ್ಲ.”

“ಸಾಕು ಅಂತ ಡಾಕ್ಟ್ರು ಅಂದ್ರಾ, ನೀವೇ ಅಂದ್ಕೊಂಡ್ರಾ?”

ಚಿಕ್ಕಪ್ಪ ತುದಿಯಲ್ಲಿ ಉಳಿದಿದ್ದ ಕಂದು ಚೂರನ್ನು ಸವರಿಕೊಂಡರು. “ಇದೊಂದು ಇರ್ಲಿ ಕಣೇ. ಬೂಷ್ಟೋ ಮತ್ತೊಂದೋ, ಡಾರ್ಕ್‌ರೂಮಲ್ಲೇ ಅಂಟಿದ್ದು ತಾನೇ? ಬೋರ್ಡು ಇಳಿಸಿದ್ದಾಯ್ತು. ಇದೂ ಹೋದ್ರೆ ನಾನು ಫೋಟೋಗ್ರಾಫರ್ ಆಗಿದ್ದೆ ಅನ್ನೋದಕ್ಕೆ ಇನ್ನೇನಿದೆ?”

ಚಿಕ್ಕಮ್ಮ ಲೇಪದ ಸೀಸೆಯನ್ನು ಕೆಳಗಿಟ್ಟು ತಮ್ಮ ಹತ್ತೂ ಬೆರಳನ್ನು ಗಾಜಿನ ಮೇಲೆ ಹರಡಿದರು.

“ನೋಡಿ. ಇವೂ ಅದೇ ಡಾರ್ಕ್‌ರೂಮಿನ ನೀರಲ್ಲಿ ನೆಂದ ಬೆರಳು. ನೀವು ಊಟಕ್ಕೆ ಕೂತಾಗ್ಲೂ ಇವು ನೆನೀತಿದ್ವು. ಎಲ್ಲಾದ್ರೂ ಒಂದು ಚುಕ್ಕೆ ಇದೆಯಾ? ಗುರುತಿಲ್ಲ ಅಂತ ನಾನು ಕೆಲಸಾನೇ ಮಾಡಿಲ್ವಾ ಹಾಗಾದ್ರೆ?”

ಚಿಕ್ಕಪ್ಪ ಕಿಟಕಿಯತ್ತ ನೋಡಿದರು. ಅಲ್ಲಿ ಉತ್ತರ ಸಿಗುವಂತಿರಲಿಲ್ಲ. ಆ ಕಿಟಕಿ ಇದ್ದದ್ದೇ ದಕ್ಷಿಣಕ್ಕೆ. ಕೊನೆಗೆ ಬಂದು, ಮೇಜಿನ ಮೇಲೆ ಆ ಹತ್ತು ಬೆರಳುಗಳ ಪಕ್ಕದಲ್ಲಿ ತಮ್ಮ ಕೈಯಿಟ್ಟರು. ಚಿಕ್ಕಮ್ಮ ಸೀಸೆ ಎತ್ತಿಕೊಂಡರು. ಆಮೇಲೆ ಯಾವ ಭಾನುವಾರವೂ ಅವರು ತಪ್ಪಿಸಿಕೊಳ್ಳಲಿಲ್ಲ.

ಕೊನೆಯ ಕಂದು ಚೂರು ಕತ್ತರಿಗೆ ಸಿಕ್ಕಿ ಕಸದ ಬುಟ್ಟಿಗೆ ಬಿದ್ದ ವಾರ ನಾನು ಹೋದಾಗ ಬೀರುವಿನ ಬಲ್ಬು ಮತ್ತೆ ಉರಿಯುತ್ತಿತ್ತು. ರೋಲು ಹಾಕುವ ಸಣ್ಣ ಕ್ಯಾಮೆರಾ ಹೊರಗೆ ಬಂದಿತ್ತು. ಅದರೊಳಗೆ ಸ್ಟುಡಿಯೋ ಕಾಲದ ರೋಲಿನ ಎರಡು ಮೂರು ಫ್ರೇಮು ಉಳಿದಿದ್ದವಂತೆ. ಚಿಕ್ಕಮ್ಮ ಟಚಿಂಗ್ ಬ್ರಶ್ಶು ಹಿಡಿದು ಗಾಜಿನ ಮೇಜಿನ ಎದುರು ಕೂತಿದ್ದರು, ಅಲ್ಲ, ಕೂರಿಸಲಾಗಿತ್ತು.

“ಈ ವಯಸ್ಸಲ್ಲಿ ಇದೇನು ಹುಚ್ಚೋ ನಿಮ್ಮ ಚಿಕ್ಕಪ್ಪಂಗೆ, ನೋಡು.”

“ಮಾತಾಡ್ಬೇಡ. ಬ್ರಶ್ಶು ಕಾಣೋ ಹಾಗೆ ಹಿಡ್ಕೋ. ಕೈ ಚೆನ್ನಾಗಿ ಬರಬೇಕು.” ಚಿಕ್ಕಪ್ಪ ಹತ್ತಿರ ಹೋಗಿ, ಹೊಸ ಉಗುರಿನ ಹೆಬ್ಬೆರಳನ್ನು ಅವರ ಗದ್ದದ ಕೆಳಗಿಟ್ಟರು. “ಸ್ವಲ್ಪ ಎತ್ತು… ಸಾಕು. ಉಸಿರು ಬಿಡಬೇಡ.”

“ಕೈ ತೊಳೆದಿದ್ದೀರಾ?” ಎಂದರು ಚಿಕ್ಕಮ್ಮ.

ಆ ಫೋಟೋ ಈಗ ಅವರ ನಡುಮನೆಯ ಗೋಡೆಯ ಮೇಲಿದೆ. ಚಿಕ್ಕಮ್ಮ ನಕ್ಕುಬಿಟ್ಟದ್ದರಿಂದ ಮುಖ ಅಲುಗಿದೆ. ಕೈ ಮಾತ್ರ ಬೆರಳು ಬೆರಳೂ ಸ್ಪಷ್ಟವಾಗಿ ಬಂದಿದೆ. ಮುಖಕ್ಕೆ ಸ್ವಲ್ಪ ಟಚಿಂಗ್ ಮಾಡಬಾರದೇ ಎಂದು ನಾನೊಮ್ಮೆ ಕೇಳಿದೆ. “ಅದನ್ನ ಮುಟ್ಟಿದ್ರೆ ನೋಡು” ಎಂದರು ಚಿಕ್ಕಪ್ಪ, ಹೆಬ್ಬೆರಳು ಎತ್ತಿ.