ಕೊನೆಯ ಖರೀದಿ

ಶಿರಸಿಯ ಬಾಡಿಗೆ ಕೋಣೆಯಲ್ಲಿ ಕೂತು ನಾನು ಒಂದು ಬಾಂಬರ್ ವಿಮಾನ ಹಾರುತ್ತಿರುವಂತೆ ನೋಡಿಕೊಳ್ಳುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ, ನಮ್ಮ ಮನೆಯವರೂ ನಂಬಿಲ್ಲ. ವಿಮಾನ ಪರದೇಶದ್ದು, ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ಹಿರಿಯದು. ಅದರ ರಿಲೇ, ಕೆಪಾಸಿಟರ್, ಸ್ವಿಚ್ಚುಗಳು ವರ್ಷಕ್ಕೆಷ್ಟು ಹಾಳಾಗುತ್ತವೆ, ಉಗ್ರಾಣದಲ್ಲಿ ಎಷ್ಟು ಉಳಿದಿವೆ ಎಂದು ಲೆಕ್ಕವಿಡುವ ಕಂಪನಿಯಲ್ಲಿ ನನಗೆ ಕೆಲಸ. ಹಲ್ಲುಜ್ಜುವ ಬ್ರಷ್ ಬದಲಿಸಿದ ತಾರೀಕನ್ನೂ ದಿನಚರಿಯಲ್ಲಿ ಬರೆದಿಡುವವಳಿಗೆ ಇದಕ್ಕಿಂತ ಹೊಂದುವ ಕೆಲಸ ಸಿಕ್ಕುವುದು ಕಷ್ಟ.

ಕಿರವತ್ತಿಯ ಢಾಬಾದೆದುರು ಕೆಟ್ಟು ನಿಂತ ಲಾರಿಗೆ ಸಂಜೆಯೊಳಗೆ ಎಲ್ಲಿಂದಾದರೂ ಒಂದು ಬಿಡಿಭಾಗ ಬರುತ್ತದೆ. ಮುದಿ ಬಾಂಬರಿಗೆ ಆ ಭಾಗ್ಯವಿಲ್ಲ. ಅದರ ಸ್ವಿಚ್ಚು ಮಾಡುವ ಕಾರ್ಖಾನೆ ಒಂದು ದಿನ, ಇನ್ನು ಮಾಡುವುದಿಲ್ಲ, ಬೇಕಾದಷ್ಟು ಈಗಲೇ ಕೊಳ್ಳಿ ಎಂದು ಪತ್ರ ಬರೆಯುತ್ತದೆ. ಇದಕ್ಕೆ ಕೊನೆಯ ಖರೀದಿ ಎನ್ನುತ್ತೇವೆ. ಎಷ್ಟು ಬೇಕೆಂದು ತಿಳಿಯಲು ವಿಮಾನ ಇನ್ನೆಷ್ಟು ವರ್ಷ ಬದುಕುತ್ತದೆಂದು ತಿಳಿದಿರಬೇಕು. ನನಗಿಂತ ಮೊದಲಿದ್ದವರು ಅದನ್ನು ಬಹಳ ಸಲ ಲೆಕ್ಕ ಹಾಕಿದ್ದಾರೆ. ವಿಮಾನ ನಿವೃತ್ತಿಯಾಗಲಿಲ್ಲ, ಲೆಕ್ಕ ಹಾಕಿದವರು ಆದರು.

ಹೇರೂರಿನ ನನ್ನ ಅಜ್ಜಿಗೆ ಒಮ್ಮೆ ಇದನ್ನೆಲ್ಲ ವಿವರಿಸಿದ್ದೆ.

"ಆ ವಿಮಾನ ಎಂತ ಮಾಡ್ತು ಕೂಸೆ?"

"ಬಾಂಬು ಹಾಕ್ತು."

"ಹಂಗಾರೆ ಅದು ಹಾಳಾಗಿ ಬಿದ್ಕಂಡಿದ್ರೇ ಚೊಲೋ ಅಲ್ದನೇ?"

ನನ್ನ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಅಜ್ಜಿಯದು ಹಳೇ ನಮೂನೆಯ ಶ್ರವಣಯಂತ್ರ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಗೊಂದು ವೈರು. ಬೇಡದ ಮಾತು ಬಂದಾಗ ಡಬ್ಬಿಯ ಗುಂಡಿ ತಿರುಗಿಸಿ ಸದ್ದು ಕಡಿಮೆ ಮಾಡಬಹುದೆಂಬ ಕಾರಣಕ್ಕೆ ಹೊಸ ಯಂತ್ರಗಳನ್ನು ಅವಳು ಒಪ್ಪಿರಲಿಲ್ಲ. ವೈರು ಮಾತ್ರ ವರ್ಷಕ್ಕೊಮ್ಮೆ ತುಂಡಾಗುತ್ತದೆ. ಈ ಸಲವೂ ಆಯಿತು. ಅವಳನ್ನು ಕರೆದುಕೊಂಡು ಶಿರಸಿಯ ಅಂಗಡಿಗೆ ಹೋದೆ.

ಅಂಗಡಿಯವರು ಒಳಗಿಂದ ಒಂದು ಪೊಟ್ಟಣ ತಂದರು. "ಈ ವೈರು ಇನ್ನು ಬರೂದಿಲ್ಲ, ಕಂಪನಿ ನಿಲ್ಸಿಬಿಟ್ಟಿದೆ. ಎಷ್ಟು ಬೇಕು ನೋಡಿ, ಒಟ್ಟಿಗೇ ತಗೊಂಡ್ಬಿಡಿ."

ಲೆಕ್ಕ ನನಗೆ ಬಾಯಿಪಾಠ. ಒಂದು ವರ್ಷಕ್ಕೆ ಒಂದು ವೈರು. ಇನ್ನೆಷ್ಟು ವರ್ಷ ಎಂಬುದನ್ನು ತುಂಬಿದರಾಯಿತು. ಬಾಂಬರಿನ ವಿಷಯದಲ್ಲಿ ಆ ಅಂಕಿಯನ್ನು ಚಹಾ ಕುಡಿಯುತ್ತ ತುಂಬುತ್ತೇನೆ. ಇಲ್ಲಿ ಯಾವ ಅಂಕಿ ಹೇಳಹೊರಟರೂ ಅದು ಅಜ್ಜಿಯ ಆಯುಸ್ಸಾಗುತ್ತಿತ್ತು. ಮೂರು ಎಂದರೆ ಕ್ರೌರ್ಯ. ಇಪ್ಪತ್ತು ಎಂದರೆ ಸುಳ್ಳು, ಅದೂ ಅವಳಿಗೆ ಗೊತ್ತಾಗುವಂಥ ಸುಳ್ಳು. ಅಂಗಡಿಯವರಿಗೂ ಏನೋ ಹೊಳೆದಿರಬೇಕು, ಫ್ಯಾನು ನೋಡತೊಡಗಿದರು.

ನಾನು ಹೇಳಲಾರೆ, ಅವಳನ್ನೇ ಕೇಳುವುದು ಸರಿ ಎಂದುಕೊಂಡೆ. ಅಜ್ಜಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಕೂಗಬೇಕಾಯಿತು. "ಅಜ್ಜೀ, ಈ ವೈರು ಇನ್ನು ಬತ್ತಿಲ್ಲೆ! ಎಷ್ಟು ತಗಳವು?"

ಬಂದಿದ್ದ ಗಿರಾಕಿಗಳೆಲ್ಲ ಉತ್ತರಕ್ಕಾಗಿ ತಿರುಗಿದರು. ಅಜ್ಜಿ ಪೊಟ್ಟಣದಿಂದ ಎರಡು ವೈರು ಆರಿಸಿಕೊಂಡು ಉಳಿದದ್ದನ್ನು ಹಿಂದಕ್ಕೆ ತಳ್ಳಿದಳು.

ನಾನು ಮತ್ತೆ ಕೂಗಿದೆ. "ಎರಡೇಯಾ? ಅದು ಮುಗಿದ್ಮೇಲೆ?"

ಅವಳು ಒಂದು ವೈರನ್ನು ಡಬ್ಬಿಗೆ ಸಿಕ್ಕಿಸಿ, ಇನ್ನೊಂದು ತುದಿ ಕಿವಿಗಿಟ್ಟು, ಗುಂಡಿ ತಿರುಗಿಸಿದಳು.

"ಕೂಗಡ, ಕೇಳ್ತು. ಅಷ್ಟೊತ್ತಿಗೆ ಈ ಡಬ್ಬಿಗೆ ವಯಸ್ಸಾಗಿರ್ತು. ಆನು ಹೊಸಾದು ತಗಳ್ತೆ."